ಸೈಲೆನ್ಸರಿನಿಂದ ಹಾರಿಹೋಗುವ 27 ರೂಪಾಯಿ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. ಹೆಸ್ಕಾಂ ಬಿಲ್ಲಿನಲ್ಲಿ ನಾವು ನೋಡುವ ಅದೇ ಯೂನಿಟ್. ಟ್ರ್ಯಾಕ್ಟರ್ ಎಂಜಿನ್ ಚೆನ್ನಾಗಿದ್ದು, ಪೂರ್ತಿ ಲೋಡಿನಲ್ಲಿ ಕೆಲಸ ಮಾಡುತ್ತಿದ್ದರೆ ಆ ಹತ್ತರಲ್ಲಿ ಮೂರೂವರೆ ಯೂನಿಟ್ ನಮ್ಮ ಕೆಲಸಕ್ಕೆ ಸಿಗುತ್ತದೆ. ಸುಮಾರು 3 ಯೂನಿಟ್ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದು ರೇಡಿಯೇಟರಿನಿಂದ, ಎಂಜಿನ್ನಿನ ಮೈಯಿಂದ ಗಾಳಿಗೆ ಸೇರುತ್ತದೆ.

ಲೀಟರಿಗೆ 90 ರೂಪಾಯಿ ಎಂದು ಹಿಡಿಯಿರಿ. ಸೈಲೆನ್ಸರಿನಿಂದ ಹೋಗುವುದು 27 ರೂಪಾಯಿ. ಪ್ರತಿ ಲೀಟರಿಗೂ.

ಈ ದುಡ್ಡನ್ನು ವಾಪಸ್ ಹಿಡಿಯಲು ಆಗುವುದಿಲ್ಲವೇ? ಸುದ್ದಿಗೆಂದು ಖಾನಾಪುರ, ಬೈಲಹೊಂಗಲ ಕಡೆ ಹೋದಾಗ ಟ್ರ್ಯಾಕ್ಟರ್ ಇಟ್ಟುಕೊಂಡವರು ಕೇಳುತ್ತಾರೆ. "ಯೂಟ್ಯೂಬ್‌ನ್ಯಾಗ ನೋಡೇನ್ರಿ, ಸೈಲೆನ್ಸರಿನ ಕಾವಿಗೆ ಒಂದು ಸಣ್ಣ ಎಂಜಿನ್ ಹಚ್ಚಿದ್ರ ಅದು ಪುಕ್ಕಟೆ ತಿರಗತೈತಿ. ಖರೇ ಏನ್ರಿ?"

ತಿರುಗುವುದು ಖರೆ. ಅದರ ಹೆಸರು ಸ್ಟರ್ಲಿಂಗ್ ಎಂಜಿನ್. ಆದರೆ ಅದು ಹೊಸ ಆವಿಷ್ಕಾರವಲ್ಲ. 200 ವರ್ಷ ದಾಟಿದ ಯಂತ್ರ. ಇಷ್ಟು ವರ್ಷವಾದರೂ ಅದು ನಮ್ಮ ಲಾರಿ, ಟ್ರ್ಯಾಕ್ಟರಿಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಒಂದು ಚರಿತ್ರೆ ಇದೆ. ಆ ಚರಿತ್ರೆ ಗೊತ್ತಿದ್ದರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದೂ ಗೊತ್ತಾಗುತ್ತದೆ.

ಸ್ಕಾಟ್ಲೆಂಡಿನ ಒಬ್ಬ ಪಾದ್ರಿ

ರಾಬರ್ಟ್ ಸ್ಟರ್ಲಿಂಗ್ ಹುಟ್ಟಿದ್ದು 1790ರಲ್ಲಿ, ಸ್ಕಾಟ್ಲೆಂಡಿನಲ್ಲಿ. ವೃತ್ತಿಯಲ್ಲಿ ಚರ್ಚಿನ ಪಾದ್ರಿ. 1816ರಲ್ಲಿ ಅವರು ಒಂದು ಪೇಟೆಂಟ್ ಪಡೆದರು. ಅದರ ಮುಖ್ಯ ಉದ್ದೇಶ ಇಂಧನದ ಖರ್ಚು ತಗ್ಗಿಸುವುದು.

ಆಗ ಇದ್ದದ್ದು ಹಬೆ ಎಂಜಿನ್. ಅದಕ್ಕೆ ಬಾಯ್ಲರ್ ಬೇಕು, ನೀರು ಬೇಕು, ರಾಶಿ ಕಲ್ಲಿದ್ದಲು ಬೇಕು. ಬಾಯ್ಲರ್ ಸಿಡಿದು ಜನ ಸಾಯುತ್ತಿದ್ದ ಕಾಲ ಅದು. ಸ್ಟರ್ಲಿಂಗ್ ಎಂಜಿನ್ನಿನಲ್ಲಿ ಬಾಯ್ಲರ್ ಇಲ್ಲ, ಹಬೆ ಇಲ್ಲ. ಮುಚ್ಚಿದ ಸಿಲಿಂಡರಿನೊಳಗೆ ಗಾಳಿ ಇರುತ್ತದೆ, ಅಷ್ಟೇ. ಒಂದು ತುದಿಗೆ ಹೊರಗಿನಿಂದ ಬೆಂಕಿ, ಇನ್ನೊಂದು ತುದಿಗೆ ತಣ್ಣೀರು. ಒಳಗಿನ ಗಾಳಿ ಬಿಸಿ ತುದಿಗೆ ಹೋದಾಗ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ತಣ್ಣನೆಯ ತುದಿಗೆ ಬಂದಾಗ ಕುಗ್ಗುತ್ತದೆ, ಪಿಸ್ಟನ್ ಹಿಂದಕ್ಕೆ ಬರುತ್ತದೆ. ಗಾಳಿಯನ್ನು ಆ ತುದಿಯಿಂದ ಈ ತುದಿಗೆ ಓಡಾಡಿಸಲು ಒಳಗೆ ಇನ್ನೊಂದು ಸಡಿಲ ಪಿಸ್ಟನ್ ಇರುತ್ತದೆ.

ಬೆಂಕಿ ಹೊರಗೆ ಇರುವುದರಿಂದ ಏನನ್ನು ಉರಿಸಿದರೂ ನಡೆಯುತ್ತದೆ. ಕಟ್ಟಿಗೆ, ಹೊಟ್ಟು, ಕುಳ್ಳು, ಬಿಸಿಲು, ಬೇರೆ ಎಂಜಿನ್ನಿನ ಬಿಸಿ ಹೊಗೆ, ಯಾವುದಾದರೂ ಸರಿ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇದ್ದರೆ ಸಾಕು.

1818ರ ಹೊತ್ತಿಗೆ ಅಂಥದೊಂದು ಎಂಜಿನ್ ಸ್ಕಾಟ್ಲೆಂಡಿನ ಕಲ್ಲಿನ ಕ್ವಾರಿಯೊಂದರಲ್ಲಿ ನೀರು ಎತ್ತುತ್ತಿತ್ತು. ರಾಬರ್ಟ್ ಅವರ ತಮ್ಮ ಜೇಮ್ಸ್ ಸ್ಟರ್ಲಿಂಗ್ ಎಂಜಿನಿಯರ್. ಅವರು 1843ರಲ್ಲಿ ಡಂಡಿ ಊರಿನ ಫೌಂಡ್ರಿಯ ಹಬೆ ಎಂಜಿನ್ನನ್ನು ಬಿಸಿ ಗಾಳಿಯ ಎಂಜಿನ್ ಆಗಿ ಮಾರ್ಪಡಿಸಿದರು. ಇಡೀ ಫೌಂಡ್ರಿಯ ಯಂತ್ರಗಳನ್ನು ಅದು ನಡೆಸಿತು. ಕಲ್ಲಿದ್ದಲೂ ಉಳಿಯಿತು.

ಕೈಕೊಟ್ಟದ್ದು ಕಬ್ಬಿಣ. ಸದಾ ಬೆಂಕಿಗೆ ಒಡ್ಡಿಕೊಂಡ ಬೀಡು ಕಬ್ಬಿಣದ ತುದಿ ಸುಟ್ಟು ಬಿರುಕು ಬಿಡುತ್ತಿತ್ತು. ಬದಲಿಸಿದರು, ಮತ್ತೆ ಬಿರುಕು. ಸುಮಾರು ನಾಲ್ಕು ವರ್ಷದ ನಂತರ ಫೌಂಡ್ರಿ ಮತ್ತೆ ಹಬೆಗೇ ಮರಳಿತು. ಮುಂದೆ ಬೆಸ್ಸೆಮರ್ ವಿಧಾನದಿಂದ ಒಳ್ಳೆಯ ಉಕ್ಕು ಬಂತು. ಮುಪ್ಪಿನಲ್ಲಿದ್ದ ರಾಬರ್ಟ್ ಸ್ಟರ್ಲಿಂಗ್ 1876ರಲ್ಲಿ ಬರೆದ ಪತ್ರದಲ್ಲಿ, ಆ ಲೋಹ ಮೊದಲೇ ಸಿಕ್ಕಿದ್ದರೆ ತಮ್ಮ ಎಂಜಿನ್ನಿನ ಕತೆ ಬೇರೆಯಾಗುತ್ತಿತ್ತು ಎಂಬರ್ಥದ ಮಾತು ಬರೆದರು. ಎರಡು ವರ್ಷದ ನಂತರ ತೀರಿಕೊಂಡರು.

ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಬೀಡು ಕಬ್ಬಿಣ ಭಾರ ಹೊರುತ್ತದೆ. ಆದರೆ ಕೆಂಪಗೆ ಕಾಯುವುದು, ತಣಿಯುವುದು, ಮತ್ತೆ ಕಾಯುವುದು ಅದಕ್ಕೆ ಒಗ್ಗುವುದಿಲ್ಲ.

ಮಹಾಂತೇಶ ನಗರದ ಹಾಲಿನಲ್ಲಿ ಸ್ಟರ್ಲಿಂಗ್

ಸ್ಟರ್ಲಿಂಗ್ ಅವರ ನಿಜವಾದ ಜಾಣತನ ಪಿಸ್ಟನ್ನಿನಲ್ಲಿ ಇರಲಿಲ್ಲ. ಬಿಸಿ ತುದಿಗೂ ತಣ್ಣನೆಯ ತುದಿಗೂ ನಡುವೆ ಅವರು ಒಂದು ಭಾಗ ಇಟ್ಟರು. ಅದಕ್ಕೆ 'ಎಕನಾಮೈಸರ್' ಎಂದು ಹೆಸರಿಟ್ಟರು. ಈಗ ಅದನ್ನು ರೀಜನರೇಟರ್ ಅನ್ನುತ್ತಾರೆ. ಗಾಳಿ ಬಿಸಿ ತುದಿಯಿಂದ ತಣ್ಣನೆಯ ತುದಿಗೆ ಹೋಗುವಾಗ ತನ್ನ ಕಾವನ್ನು ಈ ಭಾಗದಲ್ಲಿ ಬಿಟ್ಟು ಹೋಗುತ್ತದೆ. ತಿರುಗಿ ಬರುವಾಗ ಅದೇ ಕಾವನ್ನು ಎತ್ತಿಕೊಂಡು ಬರುತ್ತದೆ. ಒಮ್ಮೆ ಕೊಟ್ಟ ಕಾವನ್ನು ಮತ್ತೆ ಮತ್ತೆ ಬಳಸಿದಂತಾಯಿತು.

ಇದು ಕೆಲಸ ಮಾಡುವುದು ನೋಡಬೇಕೆಂದರೆ ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಹಾಲು ಒಕ್ಕೂಟದ ಡೈರಿ ಇದೆ. ನಮ್ಮ ಊರುಗಳ ಸಂಘಗಳಲ್ಲಿ ಬೆಳಿಗ್ಗೆ, ಸಂಜೆ ಅಳೆಯುವ ಹಾಲು ಡೈರಿ ಸೇರಿ ಪಾಶ್ಚರೀಕರಣ ಆಗುತ್ತದೆ. ಅಂದರೆ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡ್ ಇಟ್ಟು ಕೂಡಲೇ ತಣಿಸುವುದು. ಎಲ್ಲ ದೊಡ್ಡ ಡೈರಿಗಳಲ್ಲೂ ನಡೆಯುವ ಕ್ರಮ ಇದು.

ಲೆಕ್ಕ ಹಾಕಿ ನೋಡಿ. 4 ಡಿಗ್ರಿಯ ತಣ್ಣನೆ ಹಾಲನ್ನು 72ಕ್ಕೆ ಒಯ್ಯಬೇಕು. ಅಂದರೆ 68 ಡಿಗ್ರಿ ಕಾವು. ನಂತರ ಅಷ್ಟೇ ಕಾವನ್ನು ತೆಗೆಯಬೇಕು. ಎರಡಕ್ಕೂ ಬೇರೆ ಬೇರೆ ಖರ್ಚು ಮಾಡಿದರೆ ಡೈರಿಗೆ ಕಟ್ಟುವುದಿಲ್ಲ. ಅದಕ್ಕೇ ತೆಳುವಾದ ಸ್ಟೀಲ್ ತಗಡುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ತಗಡಿನ ಒಂದು ಬದಿಯಲ್ಲಿ ಕಾದು ಹೊರಬರುವ ಹಾಲು, ಇನ್ನೊಂದು ಬದಿಯಲ್ಲಿ ಒಳಹೋಗುವ ತಣ್ಣನೆ ಹಾಲು. ಹಾಲು ಹಾಲಿಗೆ ಬೆರೆಯುವುದಿಲ್ಲ, ಕಾವು ಮಾತ್ರ ದಾಟುತ್ತದೆ. ಇಂಥ ವ್ಯವಸ್ಥೆ 90 ಭಾಗ ಕಾವನ್ನು ವಾಪಸ್ ಹಿಡಿದರೆ ಒಳಹೋಗುವ ಹಾಲು ಪುಕ್ಕಟೆಯಾಗಿ 65 ಡಿಗ್ರಿ ಮುಟ್ಟುತ್ತದೆ. ಬಾಯ್ಲರ್ ಕೊಡಬೇಕಾದದ್ದು ಕೊನೆಯ 7 ಡಿಗ್ರಿ ಮಾತ್ರ. ಡೈರಿಯವರು ಈ ಭಾಗಕ್ಕೂ ರೀಜನರೇಶನ್ ಎಂದೇ ಹೇಳುತ್ತಾರೆ.

ಸ್ಟರ್ಲಿಂಗ್ ಇಟ್ಟದ್ದು ತಂತಿಯ ಜಾಳಿಗೆಯಂಥ ಭಾಗ, ಡೈರಿಯಲ್ಲಿರುವುದು ತಗಡು. ವಿಚಾರ ಮಾತ್ರ ಒಂದೇ: ಹೊರಟುಹೋಗುವವನ ಕೈಯಿಂದ ಕಾವು ಇಸಿದುಕೊಂಡು ಒಳಬರುವವನಿಗೆ ಕೊಡು. ಇದೇ ವಿಚಾರ ಹಿಡಿದು 1856ರಲ್ಲಿ ಸೀಮೆನ್ಸ್ ಸಹೋದರರು ಗಾಜು, ಉಕ್ಕು ಕರಗಿಸುವ ಹೊಸ ಕುಲುಮೆ ಮಾಡಿದರು. 1858ರಲ್ಲಿ ಜರ್ಮನಿಯ ಹಾಫ್‌ಮನ್ ಇಟ್ಟಿಗೆ, ಹೆಂಚು ಸುಡುವ ಸುತ್ತುಗೂಡಿನ ಭಟ್ಟಿಗೆ ಪೇಟೆಂಟ್ ಪಡೆದರು. ಆ ಭಟ್ಟಿಯಲ್ಲಿ ಬೆಂದು ಆರುತ್ತಿರುವ ಇಟ್ಟಿಗೆಯ ಮೇಲೆ ಹಾದು ಬಂದ ಗಾಳಿ ಮುಂದಿನ ಗೂಡಿನ ಬೆಂಕಿಗೆ ಕಾದುಕೊಂಡೇ ಹೋಗುತ್ತದೆ. ಖಾನಾಪುರದ ಕಡೆ ಮಣ್ಣಿನ ಕೆಲಸ ಮಾಡುವವರಿಗೆ ಭಟ್ಟಿಯಲ್ಲಿ ಎಷ್ಟು ಕಟ್ಟಿಗೆ ಹೊಗೆಯಾಗಿ ಹೋಗುತ್ತದೆ ಎಂಬುದು ಗೊತ್ತಿದೆ. ಅಂಥವರ ಸಮಸ್ಯೆಗೇ ಆ ಭಟ್ಟಿ ಉತ್ತರವಾಗಿತ್ತು.

ಅಂದರೆ ಸ್ಟರ್ಲಿಂಗ್ ಅವರ ಎಂಜಿನ್ ಸೋತರೂ ಅವರ ವಿಚಾರ ಜಗತ್ತು ಸುತ್ತಿತು. ಸೋತದ್ದು ಓಡಾಡುವ ಗಾಡಿಯ ಮೇಲೆ.

ಬೆಳಗಾವಿಗೆ ಎಂಜಿನ್ ಬಂದದ್ದು

ನಮ್ಮ ಜಿಲ್ಲೆಗೆ ದೊಡ್ಡ ಎಂಜಿನ್ ಬಂದದ್ದು ರೈಲಿನ ಜೊತೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬೆಳಗಾವಿ, ಖಾನಾಪುರ, ಲೋಂಡಾ ಮೂಲಕ ಹಾದಿ ಹಾಕಿತು. ಲೋಂಡಾದಿಂದ ಕ್ಯಾಸಲ್‌ರಾಕ್ ದಾಟಿ ಗೋವಾದ ಘಟ್ಟ ಇಳಿಯುವ ಹಾದಿಯೂ ಆಗಲೇ ಆಯಿತು. ಹಬೆ ಎಂಜಿನ್ 100 ಕೆಜಿ ಕಲ್ಲಿದ್ದಲು ತಿಂದರೆ 10 ಕೆಜಿಯಷ್ಟು ಕೆಲಸವನ್ನೂ ಕೊಡುತ್ತಿರಲಿಲ್ಲ. ಉಳಿದದ್ದೆಲ್ಲ ಚಿಮಣಿಯಿಂದ ಕಾಡಿನ ಮೇಲೆ ಹಾರಿಹೋಗುತ್ತಿತ್ತು. 1900ರ ಆಸುಪಾಸಿನಲ್ಲಿ ಜರ್ಮನಿಯ ವಿಲ್ಹೆಲ್ಮ್ ಶ್ಮಿಟ್ ಅವರ ಸೂಪರ್‌ಹೀಟರ್ ಬಂತು. ಹೊರಹೋಗುವ ಬಿಸಿ ಹೊಗೆಯ ನಡುವೆ ಹಬೆಯ ಕೊಳವೆ ಹಾಯಿಸಿ ಹಬೆಯನ್ನು ಇನ್ನಷ್ಟು ಕಾಯಿಸುವ ಉಪಾಯ ಅದು. ಇದರಿಂದ ಕಲ್ಲಿದ್ದಲು ಉಳಿಯಿತು. ಗಾಡಿಯ ಮೇಲೆಯೇ ವ್ಯರ್ಥ ಕಾವನ್ನು ಹಿಡಿದ ಹಳೆಯ ಉಪಾಯಗಳಲ್ಲಿ ಇದು ಒಂದು.

ಹಳ್ಳಿಗೆ ಎಂಜಿನ್ ತಂದ ಹೆಸರು ಬೇರೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಎಂದು ಹೆದರಿ ರೈತರು ಮೊದಮೊದಲು ಆ ನೇಗಿಲು ಕೊಳ್ಳಲಿಲ್ಲ ಎಂದು ಹೇಳುತ್ತಾರೆ. ಊರು ಬೆಳೆಸಲು ಜಾಗ ಬೇಕೆಂದು ಬೆಳಗಾವಿ ಪುರಸಭೆ ಕಾರ್ಖಾನೆಯ ಜಾಗ ತೆರವು ಮಾಡಿಸಿತು. 1910ರಲ್ಲಿ ಔಂಧ ಸಂಸ್ಥಾನದ ರಾಜರು ಜಾಗ ಕೊಟ್ಟರು. ಕುಂಡಲ್ ರೋಡ್ ಸ್ಟೇಶನ್ನಿನ ಹತ್ತಿರ ಕಿರ್ಲೋಸ್ಕರವಾಡಿ ಎದ್ದು ನಿಂತಿತು. ಅದು ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾಯಿತು.

ಕರೆಂಟ್ ಬರುವ ಮುನ್ನ ಬಾವಿಯ ದಂಡೆಯ ಮೇಲೆ, ಹಿಟ್ಟಿನ ಗಿರಣಿಯಲ್ಲಿ 'ಡುಗ್ ಡುಗ್' ಎನ್ನುತ್ತಿದ್ದ ಡೀಸೆಲ್ ಎಂಜಿನ್ನನ್ನು ಅರವತ್ತು ದಾಟಿದವರು ಮರೆತಿಲ್ಲ. ನೀರಿನಿಂದ ತಣಿಸುವ ಎಂಜಿನ್ ಆದರೆ ಅದರ ಕೊಳವೆಯಿಂದ ಬಿಸಿ ನೀರು ಬರುತ್ತಿತ್ತು. ವ್ಯರ್ಥ ಕಾವಿನಲ್ಲಿ ಅರ್ಧ ಭಾಗ ಕಣ್ಣಿಗೆ ಕಾಣುವಂತೆ ಹರಿದು ಹೋಗುತ್ತಿತ್ತು.

ಡೀಸೆಲ್ ಎಂಜಿನ್ ಗೆದ್ದದ್ದಕ್ಕೂ ಕಾವಿನ ಲೆಕ್ಕವೇ ಕಾರಣ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ತಮ್ಮ ಎಂಜಿನ್ ಪರೀಕ್ಷೆ ಮಾಡಿಸಿದಾಗ ಅದು ಇಂಧನದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿಯನ್ನು ಕೆಲಸವಾಗಿ ಕೊಟ್ಟಿತು. ಹಬೆ ಎಂಜಿನ್ನಿಗೆ ಅದು ಎಟುಕದ ಮಾತು. ಬೆಂಕಿ ಸಿಲಿಂಡರಿನ ಒಳಗೇ ಹೊತ್ತಿಕೊಳ್ಳುವುದರಿಂದ ಎಂಜಿನ್ ಸಣ್ಣದಾಯಿತು, ಕೂಡಲೇ ಶುರುವಾಯಿತು. ಸ್ಟರ್ಲಿಂಗ್ ಎಂಜಿನ್ ಪೇಟೆಯಿಂದ ಹಿಂದೆ ಸರಿಯಿತು. ಆದರೂ ಬ್ರಿಟಿಷರ ಕಾಲದ ಭಾರತದಲ್ಲಿ ಕರೆಂಟ್ ಇಲ್ಲದ ಬಂಗಲೆಗಳಿಗೆ ಸೀಮೆಎಣ್ಣೆ ಫ್ಯಾನ್ ಮಾರಾಟವಾಗುತ್ತಿತ್ತು. ಕೆಳಗೆ ಬುಡ್ಡಿ ದೀಪ, ನಡುವೆ ಪುಟ್ಟ ಬಿಸಿ ಗಾಳಿಯ ಎಂಜಿನ್, ಮೇಲೆ ಪಂಕ. ಅಷ್ಟರಮಟ್ಟಿಗೆ ಅದು ಉಳಿದುಕೊಂಡಿತ್ತು.

ಇದ್ದಿಲು ಬಸ್ಸಿನ ಪಾಠ

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಶನ್ ಬಂತು. ಮುಂಬಯಿ ಪ್ರಾಂತ, ಮೈಸೂರು ಸಂಸ್ಥಾನ ಸೇರಿದಂತೆ ದೇಶದಲ್ಲೆಲ್ಲ ಬಸ್ಸುಗಳಿಗೆ ಇದ್ದಿಲಿನ ಉಪಕರಣ ಕೂರಿಸಿದರು. ದೊಡ್ಡ ಡ್ರಮ್ಮಿನಲ್ಲಿ ಇದ್ದಿಲು ಅರೆಬರೆ ಉರಿಯುತ್ತಿತ್ತು. ಅದರಿಂದ ಹೊರಟ ಗ್ಯಾಸಿನಿಂದ ಎಂಜಿನ್ ಓಡುತ್ತಿತ್ತು. ಬೆಳಿಗ್ಗೆ ಬಸ್ ಹೊರಡುವ ಮುಂಚೆ ಪಂಕ ತಿರುಗಿಸಿ ಬೆಂಕಿ ಹೊತ್ತಿಸಬೇಕು. ಏರಿನಲ್ಲಿ ಎಂಜಿನ್ನಿಗೆ ಕಸುವು ಸಾಲದು.

ಇದು ವ್ಯರ್ಥ ಕಾವಿನ ಕತೆಯಲ್ಲ. ಆದರೆ ಒಂದು ಪಾಠ ಇದೆ. ಯುದ್ಧ ಮುಗಿದು ಪೆಟ್ರೋಲ್ ಸಿಕ್ಕ ಕೂಡಲೇ ಆ ಡ್ರಮ್ಮುಗಳು ಗುಜರಿಗೆ ಹೋದವು. ಗಾಡಿಯ ಮೇಲೆ ಹೊರಬೇಕಾದ ಯಾವ ಸಾಮಾನೂ ಮೊದಲು ತನ್ನ ತೂಕದ ಬಾಡಿಗೆ ದುಡಿಯಬೇಕು. ಬಾವಿಯ ದಂಡೆಯ ಮೇಲಿನ ಎಂಜಿನ್ನಿಗೆ ಎರಡು ಕ್ವಿಂಟಲ್ ಹೆಚ್ಚಾದರೆ ಯಾರಿಗೂ ತೊಂದರೆ ಇಲ್ಲ. ಲಾರಿಗೆ ಅದು ಎರಡು ಕ್ವಿಂಟಲ್ ಮಾಲಿನ ನಷ್ಟ.

ದೊಡ್ಡವರು ಮಾಡಿ ನೋಡಿದ್ದು

ಸ್ಟರ್ಲಿಂಗ್ ಎಂಜಿನ್ನಿಗೆ ಮತ್ತೆ ಜೀವ ಕೊಟ್ಟದ್ದು ಹಾಲೆಂಡಿನ ಫಿಲಿಪ್ಸ್ ಕಂಪನಿ. ನಮಗೆ ಬಲ್ಬು, ರೇಡಿಯೊದಿಂದ ಗೊತ್ತಿರುವ ಅದೇ ಫಿಲಿಪ್ಸ್. ಕರೆಂಟ್ ಇಲ್ಲದ ಊರುಗಳಲ್ಲೂ ರೇಡಿಯೊ ಮಾರಬೇಕಿತ್ತು. ಅದಕ್ಕೆ ಸದ್ದಿಲ್ಲದ ಸಣ್ಣ ಜನರೇಟರ್ ಬೇಕೆಂದು 1930ರ ದಶಕದಲ್ಲಿ ಅವರು ಕೆಲಸ ಶುರು ಮಾಡಿದರು. 1950ರ ಹೊತ್ತಿಗೆ ಜನರೇಟರ್ ತಯಾರಾಯಿತು. ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂತು, ರೇಡಿಯೊ ಸೆಲ್ಲಿನ ಮೇಲೆ ನಡೆಯತೊಡಗಿತು. ಜನರೇಟರನ್ನು ಕೇಳುವವರಿಲ್ಲ.

ಆದರೆ ಫಿಲಿಪ್ಸ್‌ನವರು ಅದೇ ಯಂತ್ರವನ್ನು ಉಲ್ಟಾ ತಿರುಗಿಸಿದರು. ಕಾವು ಕೊಟ್ಟರೆ ತಿರುಗುವ ಎಂಜಿನ್ನನ್ನು ಮೋಟಾರಿನಿಂದ ತಿರುಗಿಸಿದರೆ ಅದು ಕಾವು ಎಳೆದು ತಂಪು ಮಾಡುತ್ತದೆ, ಗಾಳಿಯೇ ನೀರಾಗುವಷ್ಟು ತಂಪು. ಇಂಥ ಯಂತ್ರಗಳಿಂದ ದ್ರವ ಸಾರಜನಕ ಮಾಡುವುದು ಸಾಧ್ಯವಾಯಿತು. ನಿಮ್ಮೂರ ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನ್ ತೆರೆದಾಗ ಬಿಳಿ ಹೊಗೆ ಏಳುತ್ತದಲ್ಲ, ಅದರೊಳಗೆ ಇರುವುದು ಮೈನಸ್ 196 ಡಿಗ್ರಿಯ ಅದೇ ದ್ರವ ಸಾರಜನಕ.

1973ರಲ್ಲಿ ತೈಲದ ಬೆಲೆ ಗಗನಕ್ಕೆ ಹೋಯಿತು. ಅಮೆರಿಕದ ಫೋರ್ಡ್ ಕಂಪನಿ ಅದಕ್ಕೆ ಮೊದಲೇ ಫಿಲಿಪ್ಸ್ ಜೊತೆ ಕೈಜೋಡಿಸಿತ್ತು. 1970ರ ದಶಕದ ಮಧ್ಯದಲ್ಲಿ ಫೋರ್ಡ್ ಟೊರಿನೊ ಕಾರಿಗೆ ಸ್ಟರ್ಲಿಂಗ್ ಎಂಜಿನ್ ಕೂರಿಸಿ ಓಡಿಸಿದರು. 1978ರಿಂದ ಅಮೆರಿಕ ಸರ್ಕಾರ ನಾಸಾ ಸಂಸ್ಥೆಯ ಉಸ್ತುವಾರಿಯಲ್ಲಿ ಇನ್ನೊಂದು ದೊಡ್ಡ ಯೋಜನೆ ನಡೆಸಿತು. ಆ ಎಂಜಿನ್ ಕೂರಿಸಿದ ಕಾರುಗಳು ರಸ್ತೆಯ ಮೇಲೆ ಓಡಿದವು. ಮೈಲೇಜ್ ಚೆನ್ನಾಗಿತ್ತು, ಹೊಗೆ ಕಡಿಮೆ, ಸದ್ದು ಕಡಿಮೆ.

ಗಮನಿಸಿ, ಅದು ಸೈಲೆನ್ಸರಿನ ಕಾವಿನ ಮೇಲೆ ನಡೆದ ಎಂಜಿನ್ ಅಲ್ಲ. ಬೇರೆಯೇ ಒಲೆ ಉರಿಸಿ ನಡೆಸಿದ ಮುಖ್ಯ ಎಂಜಿನ್. ಆದರೂ ಕಾರ್ಖಾನೆಗೆ ಬರಲಿಲ್ಲ. ಸಣ್ಣ ಗಾತ್ರದಲ್ಲಿ ಹೆಚ್ಚು ಕಸುವು ಬೇಕೆಂದರೆ ಒಳಗೆ ಸಾದಾ ಗಾಳಿ ಸಾಲದು, ಭಾರಿ ಒತ್ತಡದಲ್ಲಿ ಹೈಡ್ರೋಜನ್ ತುಂಬಬೇಕು. ಹೈಡ್ರೋಜನ್ ಅತಿ ಸಣ್ಣ ಸಂದಿಯಿಂದಲೂ ಸೋರುತ್ತದೆ. ಬಿಸಿ ತುದಿಗೆ ದುಬಾರಿ ಲೋಹ ಬೇಕು. ಕಾವು ಏರಲು ಹೊತ್ತು ಹಿಡಿಯುವುದರಿಂದ ಕೀಲಿ ತಿರುಗಿಸಿದ ಕೂಡಲೇ ಹೊರಡಲು ಆಗದು. 1980ರ ದಶಕದಲ್ಲಿ ತೈಲ ಮತ್ತೆ ಅಗ್ಗವಾಯಿತು, ಯೋಜನೆ ಅಲ್ಲಿಗೇ ನಿಂತಿತು.

ಸ್ವೀಡನ್ ದೇಶ ಮಾತ್ರ ಅದಕ್ಕೆ ಒಂದು ಜಾಗ ಹುಡುಕಿತು. 1990ರ ದಶಕದಲ್ಲಿ ಬಂದ ಅದರ ಗಾಟ್‌ಲೆಂಡ್ ಜಲಾಂತರ್ಗಾಮಿಗಳಲ್ಲಿ ಸ್ಟರ್ಲಿಂಗ್ ಎಂಜಿನ್ ಇದೆ. ಸಮುದ್ರದ ಒಳಗೆ ಸದ್ದು ಮಾಡಬಾರದು, ಸುತ್ತಲೂ ಬೇಕಾದಷ್ಟು ತಣ್ಣೀರು ಇದೆ. ಆ ಎಂಜಿನ್ನಿಗೆ ಹೇಳಿ ಮಾಡಿಸಿದ ಜಾಗ.

ನಮ್ಮ ದೇಶದ ಒಂದು ಪ್ರಯತ್ನ, ನಮ್ಮ ರಾಜ್ಯದ ಒಂದು ಒಲೆ

1980ರ ದಶಕದಲ್ಲಿ ಮದ್ರಾಸಿನ ಸ್ಟರ್ಲಿಂಗ್ ಡೈನಮಿಕ್ಸ್ ಎಂಬ ಕಂಪನಿ 5 ಅಶ್ವಶಕ್ತಿಯ ಎಸ್‌ಟಿ-5 ಎಂಬ ಎಂಜಿನ್ ತಯಾರಿಸಿತು. ವಿನ್ಯಾಸ ಅಮೆರಿಕದ ವಿಲಿಯಂ ಬೀಲ್ ಅವರ ಸನ್‌ಪವರ್ ಕಂಪನಿಯದು. ಭತ್ತದ ಹೊಟ್ಟು, ಕಟ್ಟಿಗೆ ಉರಿಸಿ ಗಿರಣಿ ನಡೆಸಬೇಕು, ನೀರೆತ್ತಬೇಕು ಎಂಬುದು ಉದ್ದೇಶ. ಒಳಗೆ ಸಾದಾ ಗಾಳಿ. ಹಾಗಾಗಿ ದುರಸ್ತಿ ಸುಲಭ, ಆದರೆ ಕಸುವಿಗೆ ಹೋಲಿಸಿದರೆ ಗಾತ್ರ ದೊಡ್ಡದು. ಡೀಸೆಲ್ ಪಂಪಿನ ಮುಂದೆ, ಆಮೇಲೆ ಬಂದ ಕರೆಂಟ್ ಮೋಟಾರಿನ ಮುಂದೆ ಅದು ಹಳ್ಳಿಗಳಲ್ಲಿ ಹರಡಲಿಲ್ಲ.

ಅದೇ ಕಾಲದಲ್ಲಿ ಕರ್ನಾಟಕದಲ್ಲಿ ವ್ಯರ್ಥ ಕಾವು ಹಿಡಿಯುವ ಇನ್ನೊಂದು ಕೆಲಸ ನಡೆದಿತ್ತು. ಅದರಲ್ಲಿ ತಿರುಗುವ ಭಾಗವೇ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆಗಳನ್ನು ಸಾಲಾಗಿ ಇಡುವ ಒಲೆ. ಮೊದಲ ಪಾತ್ರೆಯಡಿ ಬೆಂಕಿ. ಅಲ್ಲಿಂದ ಹೊರಟ ಬಿಸಿ ಹೊಗೆ ಎರಡನೆಯ, ಮೂರನೆಯ ಪಾತ್ರೆಯ ತಳ ಸವರಿಕೊಂಡು ಕೊನೆಗೆ ಚಿಮಣಿ ಸೇರುತ್ತದೆ. ನಮ್ಮ ಅಜ್ಜಿಯರ ಎರಡು ಬಾಯಿಯ ಒಲೆಯ ವಿಚಾರವನ್ನೇ ಅಳೆದು ತೂಗಿ ಸರಿ ಮಾಡಿದ್ದು. 1980ರ ದಶಕದಲ್ಲಿ ಅದು ರಾಜ್ಯದ ಮನೆಮನೆಗಳಿಗೆ ಹೋಯಿತು. ಕಟ್ಟಿಗೆ ಉಳಿಯಿತು, ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ಕಡಿಮೆಯಾಯಿತು.

ಕಾವನ್ನು ಕಾವಾಗಿಯೇ ಬಳಸಿದರೆ ಸುಲಭ. ಅದನ್ನು ಮತ್ತೆ ಕಸುವಾಗಿ ಮಾಡಲು ಹೊರಟರೆ ಕಷ್ಟ. ಅಸ್ತ್ರ ಒಲೆ, ಡೈರಿಯ ತಗಡು ಗೆದ್ದದ್ದು, ಸೈಲೆನ್ಸರಿನ ಎಂಜಿನ್ ಸೋತದ್ದು ಇದೇ ಕಾರಣಕ್ಕೆ.

ಸೈಲೆನ್ಸರಿಗೆ ಹಚ್ಚಿದರೆ ಎಷ್ಟು ಸಿಗುತ್ತದೆ?

ಲೆಕ್ಕ ಮಾಡೋಣ. ಲೋಡಿನಲ್ಲಿರುವ ಎಂಜಿನ್ನಿನ ಹೊಗೆ ಸುಮಾರು 400 ಡಿಗ್ರಿ ಎಂದು ಹಿಡಿಯಿರಿ. ಸ್ಟರ್ಲಿಂಗ್ ಎಂಜಿನ್ನಿನ ತಣ್ಣನೆ ತುದಿಗೆ ನಮ್ಮಲ್ಲಿ ಇರುವುದು ರೇಡಿಯೇಟರ್ ನೀರು, ಅದೇ 90 ಡಿಗ್ರಿ ಇರುತ್ತದೆ. ಈ ಎರಡು ಅಂಕಿಗಳ ನಡುವೆ ಎಷ್ಟೇ ಚೆನ್ನಾದ ಯಂತ್ರ ಇಟ್ಟರೂ ಕಾವಿನ 46 ಭಾಗಕ್ಕಿಂತ ಹೆಚ್ಚು ಕೆಲಸ ಸಿಗದು. ಇದು ಪ್ರಕೃತಿ ಹಾಕಿದ ಗೆರೆ. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೊ ತೋರಿಸಿಕೊಟ್ಟದ್ದು. ನಿಜವಾದ ಯಂತ್ರ ಅದರಲ್ಲಿ ಅರ್ಧ ಮುಟ್ಟಿದರೂ ದೊಡ್ಡದು. 20 ಭಾಗ ಎಂದು ಇಟ್ಟುಕೊಳ್ಳೋಣ.

ಸೈಲೆನ್ಸರಿನಿಂದ ಹೋಗುವುದು ಲೀಟರಿಗೆ 3 ಯೂನಿಟ್. ಓಡುವ ಹೊಗೆಯಿಂದ ಅರ್ಧ ಕಾವು ಕಸಿದರೆ ಒಂದೂವರೆ ಯೂನಿಟ್. ಅದರಲ್ಲಿ 20 ಭಾಗ ಅಂದರೆ 0.3 ಯೂನಿಟ್. ಈಗಾಗಲೇ ಸಿಗುತ್ತಿರುವ 3.5 ಯೂನಿಟ್ 3.8 ಆಗುತ್ತದೆ. ಲೀಟರಿಗೆ ಸುಮಾರು 7 ರೂಪಾಯಿ ಉಳಿತಾಯ. 27 ಅಲ್ಲ.

ಆ 7 ರೂಪಾಯಿಯಿಂದ ಕಳೆಯುವುದೂ ಇದೆ. ಹೊಗೆಗೆ ಅಡ್ಡ ಇಟ್ಟ ಸಾಮಾನು ಎಂಜಿನ್ನಿನ ಉಸಿರು ಕಟ್ಟುತ್ತದೆ. ಹೆಚ್ಚಿನ ತಂಪಿಗೆ ದೊಡ್ಡ ಫ್ಯಾನ್ ಬೇಕು. ತೂಕ ಹೊರಬೇಕು. ಗಾಡಿ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಹೊಗೆಯ ಕಾವು ಏರಿಳಿಯುತ್ತದೆ. ಸ್ಟರ್ಲಿಂಗ್ ಎಂಜಿನ್ನಿಗೆ ಬೇಕಾದದ್ದು ಒಂದೇ ಸಮನೆಯ ಕಾವು. ಹೊಗೆಯ ಮಸಿ ಕೂತಂತೆ ಕಾವು ದಾಟುವುದೂ ಕಡಿಮೆಯಾಗುತ್ತದೆ. ಕೊನೆಗೆ ಉಳಿಯುವುದು ಮೂರೋ ನಾಲ್ಕೋ ರೂಪಾಯಿ. ಅಷ್ಟಕ್ಕೆ ಗಾಡಿಯ ಮೇಲೆ ಎರಡನೆಯ ಎಂಜಿನ್ ಕೊಂಡು ಸಾಕಬೇಕು.

ಬಿಸಿ ಚಹಾದ ಕಪ್ಪಿನ ಮೇಲೆ ತಿರುಗುವ ಪುಟ್ಟ ಸ್ಟರ್ಲಿಂಗ್ ಎಂಜಿನ್ನಿನ ವಿಡಿಯೊ ಸುಳ್ಳಲ್ಲ. ಆದರೆ ಅದರ ಕಸುವಿನಿಂದ ಒಂದು ಸಣ್ಣ ಬಲ್ಬನ್ನೂ ಸರಿಯಾಗಿ ಉರಿಸಲಾಗದು. ತಿರುಗುವುದು ಬೇರೆ, ದುಡಿಯುವುದು ಬೇರೆ.

ಗೆದ್ದದ್ದು ಟರ್ಬೊ

ಹಾಗಾದರೆ ಸೈಲೆನ್ಸರಿನ ಶಕ್ತಿಯನ್ನು ಯಾರೂ ಹಿಡಿಯಲಿಲ್ಲವೇ? ಹಿಡಿದರು. ಮಹಾಂತೇಶ ನಗರದ ಪಕ್ಕದ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾಯುವ ಲಾರಿಗಳಲ್ಲಿ ಅದು ಇದೆ. ಹೆಸರು ಟರ್ಬೊ.

1905ರಲ್ಲಿ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದರು. ಹೊರಹೋಗುವ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಸಣ್ಣ ಎಂಜಿನ್ನಿನಿಂದಲೇ ಹೆಚ್ಚು ಕೆಲಸ ಸಿಗುತ್ತದೆ. ಮೊದಲು ಹಡಗುಗಳಿಗೆ ಬಂತು. 1938ರಲ್ಲಿ ಸ್ವಿಸ್ ಕಂಪನಿ ಸೌರರ್ ಅದನ್ನು ಲಾರಿಯ ಎಂಜಿನ್ನಿಗೆ ತಂದಿತು. ಈಗ ಲಾರಿ, ಬಸ್ಸು, ಡೀಸೆಲ್ ಕಾರು, ದೊಡ್ಡ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯ.

ಟರ್ಬೊ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣದು, ಹಗುರ. ತಣ್ಣನೆ ತುದಿ ಬೇಡ. ಎಂಜಿನ್ನಿಗೆ ಲೋಡ್ ಹೆಚ್ಚಾದಂತೆ ತಾನೇ ಹೆಚ್ಚು ತಿರುಗುತ್ತದೆ. ಎರಡನೆಯ ಎಂಜಿನ್ ಆಗದೆ ಮೊದಲ ಎಂಜಿನ್ನಿಗೇ ಕೈಯಾಳಾಯಿತು. ಸ್ಟರ್ಲಿಂಗ್ ಎಂಜಿನ್ ಸೋತ ಪ್ರತಿಯೊಂದು ಪರೀಕ್ಷೆಯಲ್ಲೂ ಅದು ಪಾಸಾಯಿತು.

ಕಾವು ಉಳಿಸಬೇಕಾದ ಜಾಗ ಬೇರೆ ಇದೆ

ನಮ್ಮ ಜಿಲ್ಲೆಯಲ್ಲಿ ಒಂದೇ ಕಡೆ, ಒಂದೇ ಸಮ, ದಿನಗಟ್ಟಲೆ ಉರಿಯುವ ಬೆಂಕಿ ಬೇಕಾದಷ್ಟಿದೆ. ಕಬ್ಬು ಬೆಳೆಯುವ ಜಿಲ್ಲೆ ನಮ್ಮದು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ಇಲ್ಲಿಯ ತನಕ ಸಕ್ಕರೆಯ ಚರಿತ್ರೆ ಕಾವು ಉಳಿಸಿದ ಚರಿತ್ರೆಯೂ ಹೌದು. ಕಬ್ಬಿನ ಸಿಪ್ಪೆ ಉರಿಸಿ ಹಬೆ ಮಾಡುತ್ತಾರೆ. ಹಬೆ ಟರ್ಬೈನ್ ತಿರುಗಿಸಿ ಕರೆಂಟ್ ಕೊಡುತ್ತದೆ. ಟರ್ಬೈನಿನಿಂದ ಹೊರಬಂದ ಅದೇ ಹಬೆ ಕಬ್ಬಿನ ರಸವನ್ನು ಕುದಿಸುತ್ತದೆ. ಬಾಯ್ಲರಿನ ಹೊಗೆ ಚಿಮಣಿ ಸೇರುವ ಮುಂಚೆ ಒಳಬರುವ ನೀರನ್ನು ಕಾಯಿಸುತ್ತದೆ. ಆ ನೀರು ಕಾಯಿಸುವ ಭಾಗಕ್ಕೆ ಬಾಯ್ಲರಿನ ಕೆಲಸಗಾರರು ಹೇಳುವ ಹೆಸರು ಎಕನಾಮೈಸರ್. ಪಾದ್ರಿ ಸ್ಟರ್ಲಿಂಗ್ ಇಟ್ಟಿದ್ದ ಹೆಸರೂ ಅದೇ.

ಆದರೆ ಅದೇ ಕಬ್ಬಿನ ಬೆಲ್ಲದ ಗಾಣಕ್ಕೆ ಹೋಗಿ ನೋಡಿ. ಕೊಪ್ಪರಿಗೆಯ ಅಡಿಯ ಬೆಂಕಿ ಚಿಮಣಿಯಿಂದ ಕಾಲು ಭಾಗವಲ್ಲ, ಅದಕ್ಕಿಂತ ಹೆಚ್ಚೇ ಹಾರಿಹೋಗುತ್ತಿರುತ್ತದೆ. ಹೊಗೆಯ ದಾರಿಯಲ್ಲಿ ಎರಡನೆಯ ಕೊಪ್ಪರಿಗೆ ಇಟ್ಟು ಮುಂದಿನ ಪಾಕದ ರಸವನ್ನು ಬೆಚ್ಚಗೆ ಮಾಡಿಕೊಂಡರೆ ಸಿಪ್ಪೆ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಕೆಲವು ಗಾಣದವರು ಮಾಡಿಕೊಂಡಿದ್ದಾರೆ. ಇದಕ್ಕೆ ಪೇಟೆಂಟ್ ಬೇಡ, ಗೌಂಡಿ ಸಾಕು. ಫೌಂಡ್ರಿ ಭಟ್ಟಿ, ಇಟ್ಟಿಗೆ ಭಟ್ಟಿ, ಹೋಟೆಲ್ಲಿನ ಒಲೆಗೂ ಇದೇ ಮಾತು.

ಗಾಡಿಯ ಮೇಲೆ ನಮ್ಮ ಕೈಯಲ್ಲಿರುವುದು ಚಿಕ್ಕ ಕೆಲಸಗಳು. ಏರ್ ಫಿಲ್ಟರ್ ಸ್ವಚ್ಛ ಇರಲಿ. ಕಪ್ಪು ಹೊಗೆ ಬಂದರೆ ಅದು ಉರಿಯದ ಡೀಸೆಲ್, ಇಂಜೆಕ್ಟರ್ ತೋರಿಸಿ. ಹಗುರ ಕೆಲಸಕ್ಕೆ ಮೇಲಿನ ಗೇರ್, ಕಡಿಮೆ ರೇಸ್. ಮಾತಾಡುತ್ತ ನಿಂತಾಗ ಎಂಜಿನ್ ಬಂದ್ ಮಾಡಿ, ನಿಂತಲ್ಲೇ ಓಡುವ ಎಂಜಿನ್ನಿನ ಮೈಲೇಜ್ ಸೊನ್ನೆ. ಟರ್ಬೊ ಇದ್ದರೆ ಭಾರಿ ಕೆಲಸ ಮುಗಿದ ಕೂಡಲೇ ಕೀಲಿ ತೆಗೆಯಬೇಡಿ. ಒಂದೆರಡು ನಿಮಿಷ ನಿಧಾನ ಓಡಿಸಿ ತಣಿಯಲು ಬಿಡಿ, ಇಲ್ಲದಿದ್ದರೆ ಅದರ ಬೇರಿಂಗ್ ಹೋಗುತ್ತದೆ.

ಡೀಸೆಲ್ ಉಳಿಸುವ ಸಾಮಾನು ಮಾರಲು ಊರಿಗೆ ಯಾರಾದರೂ ಬಂದರೆ, ಅದು ಆಯಸ್ಕಾಂತ ಇರಲಿ, ಹೈಡ್ರೋಜನ್ ಕಿಟ್ ಇರಲಿ, ಸೈಲೆನ್ಸರಿನ ಎಂಜಿನ್ ಇರಲಿ, ಮೂರು ಪ್ರಶ್ನೆ ಕೇಳಿ. ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಹೈಡ್ರೋಜನ್ ಕಿಟ್ ಕರೆಂಟ್ ಎಳೆಯುವುದು ನಿಮ್ಮದೇ ಎಂಜಿನ್ನಿನ ಡೈನಮೊದಿಂದ. ಇದರ ತೂಕ ಎಷ್ಟು, ತಂಪು ಎಲ್ಲಿಂದ? ನನ್ನ ಟ್ರ್ಯಾಕ್ಟರಿಗೇ ಹಚ್ಚಿ, ನನ್ನ ಹೊಲದಲ್ಲೇ, ಟ್ಯಾಂಕ್ ಅಳೆದು ತೋರಿಸುತ್ತೀರಾ?

ಮೂರನೆಯ ಪ್ರಶ್ನೆಗೆ ಒಪ್ಪಿದರೆ ಕೂತು ಮಾತಾಡಿ. ಒಪ್ಪದಿದ್ದರೆ ಚಹಾ ಕುಡಿಸಿ ಕಳಿಸಿ.